ಮುಳ್ಳು ಹೇಳಿದ ಸುಳ್ಳು

ನಮ್ಮಪ್ಪನ ಲಾರಿ 1967ರದು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿದೆ. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಜೊತೆ ಸೇರಿ ಜಮ್ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದರು. 1969ರಲ್ಲಿ ಒಪ್ಪಂದ ಮುಗಿಯಿತು, ನಕ್ಷತ್ರವೂ ಹೋಯಿತು. ಇತಿಹಾಸ ಪಾಠ ಮಾಡುವ ನನಗೆ ಆ ಮೂತಿಯೇ ಒಂದು ಶಾಸನ.

1982ರಲ್ಲಿ, ನಾನಿನ್ನೂ ಶಾಲೆಯಲ್ಲಿದ್ದಾಗ, ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಬೆಂಗಳೂರಿಗೆ ಹೊರಟ ಲಾರಿ ಹಿರಿಯೂರಿನ ಹತ್ತಿರ ನಡುರಾತ್ರಿ ನಿಂತುಬಿಟ್ಟಿತು. ಡೀಸೆಲ್ ಖಾಲಿ. ಮೀಟರಿನ ಮುಳ್ಳು ಮಾತ್ರ ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಡೀಸೆಲ್ ಗಾಡಿ ಬರಿದಾದರೆ ತಂದು ಸುರಿದ ಮಾತ್ರಕ್ಕೆ ಹೊರಡುವುದಿಲ್ಲ. ಪೈಪಿನೊಳಗೆ ಸೇರಿದ ಗಾಳಿಯನ್ನು ಕೈಪಂಪು ಒತ್ತಿ ಒತ್ತಿ ಹೊರಹಾಕಬೇಕು. ಬೆಳಗಾಗುವವರೆಗೆ ಪಂಪು ಒತ್ತಿದವನು ಕ್ಲೀನರ್ ಹುಡುಗ. ಊರಿಗೆ ಬಂದ ಮೇಲೆ ಅಪ್ಪ ಅವನನ್ನೇ ಡೀಸೆಲ್ ಕಳ್ಳನೆಂದು ಕೆಲಸದಿಂದ ತೆಗೆದರು. ನಮ್ಮ ಕಟ್ಟೆಯ ಮೇಲೆ ಕೂತು ಅತ್ತುಹೋದ.

ಆಮೇಲೆ ಅಪ್ಪ ಗೀರು ಹಾಕಿದ ಬಿದಿರು ಕಡ್ಡಿಯೊಂದನ್ನು ಸೀಟಿನ ಕೆಳಗಿಟ್ಟುಕೊಂಡರು. ಟ್ಯಾಂಕಿನಲ್ಲಿ ಅದ್ದಿ ನೋಡದೆ ಹೊರಡುತ್ತಿರಲಿಲ್ಲ. ಹಳೆಯ ಪದ್ಧತಿಯೇ ಅದು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಸೀಟಿನ ಮೆತ್ತೆ ಎತ್ತಿ ಟ್ಯಾಂಕಿಗೆ ಕಡ್ಡಿ ಇಳಿಸಿಯೇ ಪೆಟ್ರೋಲ್ ಅಳೆಯುತ್ತಿದ್ದರು. ನಾವು ಅಕ್ಕಿ ಡಬ್ಬಕ್ಕೆ ಕೈ ಹಾಕಿ ನೋಡುವುದಿಲ್ಲವೇ, ಹಾಗೆ.

ಅಪ್ಪ 2014ರಲ್ಲಿ ತೀರಿಕೊಂಡರು. ಲಾರಿ ಹಿತ್ತಲಲ್ಲೇ ನಿಂತಿತ್ತು. ಹೋದ ವರ್ಷ ಆಯುಧಪೂಜೆಗೆ ಅದನ್ನೊಮ್ಮೆ ಓಡಿಸಬೇಕೆಂದು ತಮ್ಮ ಮುದುಕ ಮೇಸ್ತ್ರಿಯೊಬ್ಬರನ್ನು ಕರೆತಂದ. ಟ್ಯಾಂಕ್ ತೊಳೆದು ಹತ್ತೇ ಲೀಟರ್ ಹಾಕಿದರೂ ಮುಳ್ಳು ಅರ್ಧಕ್ಕೇ ಏರಿ ಕೂತಿತು.

ಟ್ಯಾಂಕಿನೊಳಗೊಂದು ತೇಲುವ ಬುರುಡೆ ಇರುತ್ತದೆ. ಅದು ಏರಿಳಿದಂತೆ ವಿದ್ಯುತ್ತಿಗೆ ಅಡ್ಡಿ ಹೆಚ್ಚು ಕಡಿಮೆಯಾಗುತ್ತದೆ. ಅದನ್ನು ಮುಳ್ಳು ತೋರಿಸುತ್ತದೆ. ನಮ್ಮ ಲಾರಿಯಲ್ಲಿ ಅಡ್ಡಿ ಹೆಚ್ಚಿದಷ್ಟೂ ಮುಳ್ಳು ಮೇಲೆ. ಮೇಸ್ತ್ರಿ ಕೀಲಿ ತಿರುಗಿಸಿ, ಟ್ಯಾಂಕಿನ ಮೇಲಿನ ವೈರ್ ಬಿಚ್ಚಿದರು, ಮುಳ್ಳು ತುದಿಗೇರಿತು. ವೈರನ್ನು ಚಾಸಿಗೆ ಮುಟ್ಟಿಸಿದರು, ಕೆಳಗೆ ಬಿತ್ತು.

"ಅಕ್ಕೋರ, ಮೀಟರ್ ಚಲೋ ಐತ್ರಿ, ವೈರೂ ಚಲೋ ಐತಿ. ಅರ್ತ್ ಇಲ್ಲ."

ವೈರನ್ನು ಮೊದಲಿನಂತೆ ಕೂಡಿಸಿ, ಟ್ಯಾಂಕಿನ ಮೈಯಿಂದ ಚಾಸಿಗೆ ಬೇರೊಂದು ತುಂಡು ತಂತಿ ಹಿಡಿದರು. ಮುಳ್ಳು ಸರಸರ ಇಳಿದು ಹತ್ತು ಲೀಟರಿನ ಜಾಗದಲ್ಲಿ ನಿಂತಿತು. ಟ್ಯಾಂಕಿನ ಕೆಳಗೆ ರಬ್ಬರು, ಅರ್ತ್ ಸ್ಕ್ರೂವಿನ ಅಡಿಯಲ್ಲಿ ಪದರ ಪದರವಾಗಿ ಬಣ್ಣ. ಪ್ರತಿ ಆಯುಧಪೂಜೆಗೂ ಅಪ್ಪನೇ ಕೈಯಾರೆ ಹಚ್ಚುತ್ತಿದ್ದ ನೀಲಿ ಬಣ್ಣ ಅದು. ಮೇಸ್ತ್ರಿ ಮರಳು ಕಾಗದದಿಂದ ಅಷ್ಟಗಲ ಜಾಗ ಉಜ್ಜಿದರು. ಐದು ನಿಮಿಷದ ಕೆಲಸ.

ತಮ್ಮ ನನ್ನ ಮುಖ ನೋಡಿದ. ನನಗೆ ಕಟ್ಟೆ ನೆನಪಾಯಿತು.

ಅಂದು ರಾತ್ರಿ ಅಪ್ಪನ ಲೆಕ್ಕದ ವಹಿಗಳನ್ನು ಇಳಿಸಿದೆ. 1982ರ ವಹಿಯಲ್ಲಿ "ಕ್ಲೀನರ್ ಹುಡುಗನ ಬಾಕಿ, ರೂ. 60" ಎಂದಿತ್ತು. ಮುಂದಿನ ದೀಪಾವಳಿಯ ಹೊಸ ವಹಿಗೂ ಅದನ್ನು ಎತ್ತಿ ಬರೆದಿದ್ದರು. ಅದರ ಮುಂದಿನದಕ್ಕೂ. 2013ರ ಕೊನೆಯ ವಹಿಯಲ್ಲಿ ಅಕ್ಷರ ನಡುಗಿದೆ, ಸಾಲು ಹಾಗೆಯೇ ಇದೆ.

ಅವನದು ಯಾವ ಊರೆಂದು ಅವ್ವನನ್ನು ಕೇಳಿದೆ. "ಶಿಗ್ಗಾಂವಿ ಕಡೆಯವ" ಎಂದಳು. ಹೆಸರು ಅವಳಿಗೂ ನೆನಪಿಲ್ಲ.