ಮನೆ ಮಾರುವಾಗ ದಲಾಲಿ: ಮೊದಲೇ ಮಾತಾಡಿ, ಬರೆದಿಡಿ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮವರ ಅನೇಕ ಮನೆಗಳಲ್ಲಿ ಈಗ ಹಿರಿಯರಷ್ಟೇ ಉಳಿದಿದ್ದಾರೆ. ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ಹಳೆಯ ಮನೆ ಮಾರುವ ಮಾತು ಬಂದ ಕೂಡಲೇ ಏಜೆಂಟರು ಬಾಗಿಲಿಗೆ ಬರುತ್ತಾರೆ. ದಲಾಲಿ ಶೇಕಡಾ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಯಾವ ಮೊತ್ತದ ಮೇಲೆ, ಯಾವಾಗ, ಯಾವ ಕೆಲಸಕ್ಕೆ ಎಂದು ಕೇಳುವವರು ಕಡಿಮೆ. ತಕರಾರು ಹುಟ್ಟುವುದು ಅಲ್ಲಿಯೇ.

ದರ ಎಷ್ಟು?

ಹಳೆಯ ಮನೆಯ ಮಾರಾಟಕ್ಕೆ ಇಷ್ಟೇ ದಲಾಲಿ ಎಂದು ಕಾನೂನು ಗೊತ್ತುಪಡಿಸಿಲ್ಲ. ಸಾಮಾನ್ಯವಾಗಿ ಶೇ. 1ರಿಂದ 2ರವರೆಗೆ ಕೇಳುತ್ತಾರೆ. ಎಷ್ಟೋ ಸಲ ಮಾರುವವರಿಂದಲೂ ಕೊಳ್ಳುವವರಿಂದಲೂ ಪಡೆಯುತ್ತಾರೆ. ‘ಎಲ್ಲರೂ ಎರಡೇ ಕೊಡುತ್ತಾರೆ’ ಎಂಬುದು ರೂಢಿಯ ಮಾತು, ನಿಯಮವಲ್ಲ. 40 ಲಕ್ಷದ ಮನೆಗೆ ಶೇ. 2 ಎಂದರೆ 80,000 ರೂಪಾಯಿ, ಶೇ. 1 ಎಂದರೆ 40,000. ಏಜೆಂಟರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಇದರ ಮೇಲೆ ಶೇ. 18 ತೆರಿಗೆ ಕೂಡುತ್ತದೆ. 80,000ಕ್ಕೆ ಅದೇ 14,400 ಆಯಿತು. ಹೇಳಿದ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

2016ರ ರೇರಾ ಕಾಯಿದೆಯಲ್ಲಿ ಏಜೆಂಟರ ನೋಂದಣಿ ಕಡ್ಡಾಯವಾಗಿರುವುದು ನೋಂದಾಯಿತ ಯೋಜನೆಗಳ ಫ್ಲ್ಯಾಟು, ಪ್ಲಾಟುಗಳ ಮಾರಾಟಕ್ಕೆ. ಅಜ್ಜನ ಕಾಲದ ಮನೆ ಆ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ನಾಳೆ ವ್ಯಾಜ್ಯ ಬಂದರೆ ನಿಮ್ಮ ಕೈಯಲ್ಲಿರುವ ಕರಾರಿನ ಕಾಗದವೇ ಆಧಾರ. ಆದರೂ ಮಹಾರೇರಾ ಸಂಖ್ಯೆ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಏಜೆಂಟರ ಸಂಖ್ಯೆ ‘ಎ’ ಅಕ್ಷರದಿಂದ ಆರಂಭವಾಗುತ್ತದೆ.

‘ಮೇಲಿನದು ನಿನ್ನದು’ ಎನ್ನಬೇಡಿ

‘ನನ್ನ ಕೈಗೆ 38 ಲಕ್ಷ ಬಂದರೆ ಸಾಕು, ಮೇಲೆ ಬಂದದ್ದು ನೀವಿಟ್ಟುಕೊಳ್ಳಿ’ ಎಂದು ಕೆಲವರು ಹೇಳಿಬಿಡುತ್ತಾರೆ. ಮನೆ 43 ಲಕ್ಷಕ್ಕೆ ಹೋದರೆ ದಲಾಲಿ 5 ಲಕ್ಷ, ಶೇ. 11ಕ್ಕೂ ಹೆಚ್ಚು. ಖರೇದಿ ಪತ್ರದಲ್ಲಿ 43 ಲಕ್ಷ ಬರೆದಿದ್ದರೆ ತೆರಿಗೆಯ ಲೆಕ್ಕವೂ 43ರಿಂದಲೇ ಶುರುವಾಗುತ್ತದೆ. 38 ಎಂದೇ ಬರೆದು ಉಳಿದದ್ದನ್ನು ನಗದಾಗಿ ಎತ್ತಿದರೆ ಕಡಿಮೆ ಬೆಲೆ ತೋರಿಸಿದ ಆರೋಪ ಸಹಿ ಹಾಕಿದ ನಿಮ್ಮ ಮೇಲೆಯೇ ಬರುತ್ತದೆ.

ಚೌಕಾಸಿ ಹೇಗೆ?

ಮೊದಲು ನಿಮ್ಮ ಓಣಿಯ ಬೆಲೆ ತಿಳಿಯಿರಿ. ಮಹಾರಾಷ್ಟ್ರದ ನೋಂದಣಿ ಇಲಾಖೆಯ ತಾಣದಲ್ಲಿ ನೋಂದಣಿಯಾದ ಮಾರಾಟಗಳ ಇಂಡೆಕ್ಸ್-2 ನೋಡಬಹುದು. ರೆಡಿ ರೆಕನರ್ ದರವೂ ಸಿಗುತ್ತದೆ. ಪ್ರಾಪರ್ಟಿ ಕಾರ್ಡ್ ಅಥವಾ ಸಾತ್‌ಬಾರಾ ಉತಾರೆ, ವಾರಸುದಾರರ ಹೆಸರಿನ ನೋಂದಣಿ, ಮನೆ ತೆರಿಗೆಯ ರಸೀದಿ ಮೊದಲೇ ಸರಿ ಮಾಡಿಟ್ಟುಕೊಳ್ಳಿ. ಕಾಗದ ಸರಿ ಇರುವ ಮನೆಗೆ ಏಜೆಂಟರ ಓಡಾಟ ಕಡಿಮೆ; ದರ ಇಳಿಸಲು ಅದೇ ನಿಮ್ಮ ಮೊದಲ ಕಾರಣ.

ಶೇ. 2ರ ಲೆಕ್ಕದಲ್ಲಿ ನಿಮಗೆ ಒಂದು ಲಕ್ಷ ಹೆಚ್ಚು ತಂದುಕೊಟ್ಟರೆ ಏಜೆಂಟರಿಗೆ ಸಿಗುವುದು 2,000 ಮಾತ್ರ. ಬಂದ ಬೆಲೆಗೆ ಬೇಗ ಮುಗಿಸುವುದೇ ಅವರಿಗೆ ಲಾಭ. ಅದಕ್ಕೆ ಬದಲಾಗಿ 38 ಲಕ್ಷದವರೆಗೆ ಶೇ. 1, ಅದಕ್ಕೆ ಮೇಲಿನ ಮೊತ್ತಕ್ಕೆ ಶೇ. 5 ಎಂದು ಕೇಳಿ ನೋಡಿ. 42 ಲಕ್ಷಕ್ಕೆ ಮಾರಿದರೆ 38,000 ಮತ್ತು 20,000 ಸೇರಿ 58,000 ಆಗುತ್ತದೆ. ಪೂರ್ತಿ ಮೊತ್ತಕ್ಕೆ ಶೇ. 2 ಆದರೆ 84,000 ಕೊಡಬೇಕಿತ್ತು. ಬೆಲೆ ಏರಿದರೆ ಇಬ್ಬರಿಗೂ ಲಾಭ.

ದರ ಇಳಿಸಲು ಒಪ್ಪದಿದ್ದರೆ ಎರಡು ಅಥವಾ ಮೂರು ತಿಂಗಳು ಅವರೊಬ್ಬರಿಗೇ ಕೆಲಸ ಒಪ್ಪಿಸುವುದಾಗಿ ಹೇಳಬಹುದು. ಅವಧಿ ಮುಗಿಯುವ ತಾರೀಖು ಬರೆಯದೆ ಹಾಗೆ ಒಪ್ಪಿಸಬೇಡಿ.

ಕಾಗದದಲ್ಲಿ ಇರಬೇಕಾದದ್ದು

• ದರ, ಯಾವ ಮೊತ್ತದ ಮೇಲೆ, ಜಿಎಸ್‌ಟಿ ಸೇರಿದೆಯೇ ಎಂಬುದು.
• ಹಣ ಕೊಡುವ ದಿನ. 1872ರ ಕರಾರು ಕಾಯಿದೆಯ 219ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಏಜೆಂಟರಿಗೆ ಹಣ ಸಲ್ಲಬೇಕಾಗಿಲ್ಲ. ಆದರೆ ಗಿರಾಕಿ ತೋರಿಸಿದರೆ ಕೆಲಸ ಮುಗಿಯಿತೋ, ಖರೇದಿ ಪತ್ರ ನೋಂದಣಿಯಾದರೆ ಮುಗಿಯಿತೋ? ಇದನ್ನು ಸ್ಪಷ್ಟವಾಗಿ ಬರೆಯಿಸಿ. ನೋಂದಣಿಯ ದಿನ ಕೊಡುವುದು ಮಾರುವವರಿಗೆ ಕ್ಷೇಮ.
• ವ್ಯವಹಾರ ಮುರಿದುಬಿದ್ದರೆ ಏನು ಎಂಬುದು.
• ಕೊಳ್ಳುವವರಿಂದಲೂ ದಲಾಲಿ ಪಡೆಯುತ್ತಾರೆಯೇ, ಎಷ್ಟು ಎಂಬುದು.
• ನೀವೇ ಹುಡುಕಿದ ಬಂಧುಗಳು, ನೆರೆಯವರು ಕೊಂಡರೆ ದಲಾಲಿ ಇಲ್ಲ ಎಂಬ ಮಾತು. ಸಾಧ್ಯವಾದರೆ ಅವರ ಹೆಸರು ಸಹಿತ.
• ಏಜೆಂಟರು ಕರೆತಂದವರ ಹೆಸರು, ತಾರೀಖು. ಒಬ್ಬನೇ ಗಿರಾಕಿಯ ಮೇಲೆ ಇಬ್ಬರು ಏಜೆಂಟರು ಹಕ್ಕು ಹೇಳುವುದು ಇದರಿಂದ ತಪ್ಪುತ್ತದೆ.

ಏಜೆಂಟರಿಗೆ ಮೂಲ ಪತ್ರಗಳನ್ನಾಗಲಿ, ಮುಖತ್ಯಾರಪತ್ರವನ್ನಾಗಲಿ ಕೊಡಬೇಡಿ, ನೆರಳಚ್ಚು ಸಾಕು. ನಿಮ್ಮ ಪರವಾಗಿ ಅವರು ಸಂಚಕಾರ ಪಡೆಯುವಂತಿಲ್ಲ ಎಂದೂ ಬರೆಯಿಸಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದಲಾಲಿಯನ್ನೂ ಬ್ಯಾಂಕಿನ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಮಾರಾಟದ ಲಾಭದ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚೆಂದು ಕಳೆಯಲು ಆ ರಸೀದಿ ಬೇಕಾಗುತ್ತದೆ.

ಕೊನೆಯದಾಗಿ ಒಂದು ಮಾತು. ಇಲ್ಲಿ ಕರಾರುಗಳು ಸಾಮಾನ್ಯವಾಗಿ ಮರಾಠಿಯಲ್ಲಿರುತ್ತವೆ. ಮರಾಠಿ ಸರಾಗವಾಗಿ ಮಾತಾಡುವ ನಮ್ಮ ಹಿರಿಯರಲ್ಲೂ ಕನ್ನಡ ಶಾಲೆಯಲ್ಲಿ ಓದಿದ ಅನೇಕರಿಗೆ ಕಾನೂನಿನ ಮರಾಠಿ ಓದುವುದು ಕಷ್ಟ, ಕೇಳಲು ಸಂಕೋಚ. ಸಂಕೋಚ ಬೇಡ. ಬಲ್ಲವರೊಬ್ಬರಿಂದ ಸಾಲುಸಾಲಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿಕೊಂಡು, ಒಂದು ರಾತ್ರಿ ಯೋಚಿಸಿ ಆಮೇಲೆ ಸಹಿ ಮಾಡಿ. ಒಂದು ದಿನ ಕಾಯಲೊಪ್ಪದ ಏಜೆಂಟರಿಗೆ ನಿಮ್ಮ ಮನೆ ಒಪ್ಪಿಸಬೇಕಾದ ಅಗತ್ಯವಿಲ್ಲ.