ರೊಟ್ಟಿ ತಿಂದ ತಾರ್ನಾಕದ ನಾಯಿಗಳು



ನಿಮ್ಮ ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಏನು ಹಾಕುತ್ತೀರಿ? ಬಾಲಾನಗರ ಇರಲಿ, ಬೆಂಗಳೂರು ಇರಲಿ, ನಮ್ಮ ಕನ್ನಡದ ಮನೆಗಳಲ್ಲಿ ಉತ್ತರ ಬಹುಮಟ್ಟಿಗೆ ಒಂದೇ: ಉಳಿದ ರೊಟ್ಟಿ, ಹಾಲು, ಮೊಸರನ್ನ. ಮಾಂಸ ಬೇಯಿಸದ ಮನೆಯಾದರೆ ನಾಯಿಯೂ ಸಸ್ಯಾಹಾರಿ. "ಊರಲ್ಲಿ ಅಜ್ಜನ ಕಾಲದಿಂದ ರೊಟ್ಟಿ ತಿಂದೇ ಬದುಕಿಲ್ಲವೇ?" ಎಂದು ನೀವು ಕೇಳಬಹುದು. ನಾಯಿಗೆ ಜೋಳವನ್ನೇ ಮುಖ್ಯ ಊಟ ಮಾಡಿದರೆ ಏನಾಗುತ್ತದೆ ಎಂದು ನಮ್ಮ ಹೈದರಾಬಾದಿನಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ ಎಂಬುದು ನಿಮಗೆ ಗೊತ್ತೇ?

ಬಾಲಾನಗರದಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸಿ, ತಾರ್ನಾಕದಲ್ಲಿ ಇಳಿದರೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಹತ್ತಿರ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಆರಂಭಿಸಿದ ಪ್ರಯೋಗಶಾಲೆಯೇ 1950ರ ದಶಕದ ಕೊನೆಗೆ ಇಲ್ಲಿಗೆ ಬಂದು ಬೆಳೆಯಿತು. ಬಂದ ಹೊಸತರಲ್ಲೇ ಅಲ್ಲಿನವರಿಗೆ ಒಂದು ಒಗಟು ಎದುರಾಯಿತು. ಜೋಳವನ್ನೇ ನಂಬಿ ಬದುಕುವ ಬಡವರಿಗೆ ಪೆಲಾಗ್ರ ಬರುತ್ತಿತ್ತು. ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒರಟಾಗುವುದು, ಭೇದಿ, ಬುದ್ಧಿ ಮಂಕಾಗುವುದು ಇದರ ಲಕ್ಷಣ. ಪೆಲಾಗ್ರ ಎಂದರೆ ಮೆಕ್ಕೆಜೋಳ ತಿನ್ನುವವರ ರೋಗ ಎಂದೇ ಪಶ್ಚಿಮದ ಪುಸ್ತಕಗಳು ಹೇಳುತ್ತಿದ್ದವು. ಹಾಗಾದರೆ ಬಿಳಿಜೋಳದ ನಾಡಿನಲ್ಲಿ ಏಕೆ?

1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಉತ್ತರ ಮುಂದಿಟ್ಟರು. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರ. ಜೋಳದ ಸರದಲ್ಲಿ ಲ್ಯೂಸಿನ್ ಎಂಬ ಮಣಿ ಅತಿಯಾಗಿದೆ; ಅದು ನಯಾಸಿನ್ ಎಂಬ ವಿಟಮಿನ್ ದೇಹದಲ್ಲಿ ತಯಾರಾಗುವುದಕ್ಕೆ ಅಡ್ಡಬರುತ್ತದೆ ಎಂದು.

ಇದನ್ನು ಪರೀಕ್ಷಿಸಲು ನಾಯಿ ಬೇಕಾಯಿತು. ಪೆಲಾಗ್ರದ ತಮ್ಮನಂಥ ರೋಗ ನಾಯಿಗೂ ಇದೆ, 'ಕಪ್ಪು ನಾಲಿಗೆ'. ಬಾಯಿ ಹುಣ್ಣಾಗಿ ನಾಯಿ ಊಟ ಬಿಡುತ್ತದೆ. 1937ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾನ್ರಾಡ್ ಎಲ್ವೆಜೆಮ್ ಅದನ್ನು ಗುಣಪಡಿಸಿದ್ದು ನಯಾಸಿನ್‌ನಿಂದ, ಅದೂ ಪಿತ್ತಜನಕಾಂಗದಿಂದ, ಅಂದರೆ ಲಿವರ್‌ನಿಂದ ತೆಗೆದದ್ದು. 1965ರಲ್ಲಿ ಭವಾನಿ ಬೆಳವಾಡಿ ಮತ್ತು ಗೋಪಾಲನ್ ವರದಿ ಮಾಡಿದರು: ಜೋಳವೇ ಮುಖ್ಯವಾದ ಊಟ ತಿಂದ ನಾಯಿಗಳಿಗೆ ಕಪ್ಪು ನಾಲಿಗೆ ಬಂತು. ಬೆಳವಾಡಿ ಎಂಬ ಹೆಸರು ಕಂಡಾಗ ನಿಮ್ಮಂತೆ ನನಗೂ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳೇಕೆ! ಲ್ಯೂಸಿನ್ ವಾದವನ್ನು ಮುಂದೆ ಕೆಲವರು ಒಪ್ಪಲಿಲ್ಲ, ಆ ಜಗಳ ಬಹಳ ಕಾಲ ನಡೆಯಿತು. ಆದರೆ ಒಂದು ಮಾತು ಉಳಿಯಿತು. ನಾಯಿಯ ತಟ್ಟೆಯಲ್ಲಿ ಪ್ರೋಟೀನ್ ಎಷ್ಟಿದೆ ಎಂದಷ್ಟೇ ನೋಡಿದರೆ ಸಾಲದು, ಯಾವ ಮಣಿಗಳಿವೆ ಎಂದೂ ನೋಡಬೇಕು.

ಇದೇ ಪ್ರಶ್ನೆ ಆಮೇಲೆ ಹೃದಯಕ್ಕೆ ಬಂತು. ಟಾರಿನ್ ಎಂಬ ವಸ್ತು 1827ರಲ್ಲಿ ಎತ್ತಿನ ಪಿತ್ತರಸದಲ್ಲಿ ಸಿಕ್ಕಿತ್ತು. ಮಾಂಸ, ಮೀನಿನಲ್ಲಿ ಉಂಟು. ಅಕ್ಕಿ, ಜೋಳ, ಬೇಳೆಯಲ್ಲಿ ಇಲ್ಲವೆಂದೇ ಹೇಳಬೇಕು. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿದ್ದು ಬೆಕ್ಕಿನ ವಿಷಯ: ಟಾರಿನ್ ಸಾಲದೆ ಹೃದಯ ಹಿಗ್ಗಿ, ಗೋಡೆ ತೆಳುವಾಗಿ, ರಕ್ತ ಒತ್ತಲಾರದೆ ಸೋಲುತ್ತದೆ, ಟಾರಿನ್ ಕೊಟ್ಟರೆ ಅನೇಕ ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ. ನಾಯಿ ಬೆಕ್ಕಿನಷ್ಟು ಪರಾವಲಂಬಿಯಲ್ಲ. ಮೆಥಿಯೊನಿನ್, ಸಿಸ್ಟೀನ್ ಸಿಕ್ಕರೆ ಟಾರಿನ್ ತಾನೇ ಮಾಡಿಕೊಳ್ಳುತ್ತದೆ. ಆದರೂ ಕಾಕರ್ ಸ್ಪ್ಯಾನಿಯಲ್, ನ್ಯೂಫೌಂಡ್‌ಲ್ಯಾಂಡ್‌ನಂಥ ಕೆಲವು ತಳಿಗಳಲ್ಲಿ ಕೊರತೆ ಕಂಡಿತು. ಡಾಬರ್‌ಮನ್‌ನದು ಬೇರೆ ಕಥೆ, ಅದಕ್ಕೆ ಈ ಹೃದಯರೋಗ ಹೆಚ್ಚಾಗಿ ವಂಶದಿಂದಲೇ ಬರುತ್ತದೆ.

2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಚ್ಚರಿಕೆ ಕೊಟ್ಟಾಗ ಬೆರಳು ತೋರಿಸಿದ್ದು ಧಾನ್ಯದ ಕಡೆಗಲ್ಲ! 'ಧಾನ್ಯವಿಲ್ಲದ್ದು' ಎಂದು ದುಬಾರಿಗೆ ಮಾರುತ್ತಿದ್ದ, ಬಟಾಣಿ, ಬೇಳೆ ಹೆಚ್ಚಾಗಿ ಸೇರಿಸಿದ್ದ ಆಹಾರದ ಕಡೆಗೆ. ರೋಗ ಬಂದ ಎಷ್ಟೋ ನಾಯಿಗಳ ರಕ್ತದಲ್ಲಿ ಟಾರಿನ್ ಸರಿಯಾಗಿಯೇ ಇತ್ತು. ಊಟ ಬದಲಿಸಿದ ಮೇಲೆ ಕೆಲವು ಸುಧಾರಿಸಿದವು. ಕಾರಣ ಇದೇ ಎಂದು ಸಾಬೀತಾಗಲಿಲ್ಲ. 2022ರ ಡಿಸೆಂಬರ್‌ನಲ್ಲಿ ಆ ಸಂಸ್ಥೆ, ಹೊಸ ಮಾಹಿತಿ ಸಿಕ್ಕದ ಹೊರತು ಈ ವಿಷಯದಲ್ಲಿ ಇನ್ನು ವರದಿ ಕೊಡುವುದಿಲ್ಲ ಎಂದಿತು.

ಹಾಗಾದರೆ ಮೊಸರನ್ನ ನಿಲ್ಲಿಸಬೇಕೇ? ಬೇಡ. ಅನ್ನ, ರೊಟ್ಟಿ ವಿಷವಲ್ಲ. ಅದೊಂದೇ ಆಗಬಾರದು, ಅಷ್ಟೆ. ಅಜ್ಜನ ಊರಿನ ನಾಯಿ ರೊಟ್ಟಿಯ ಜತೆಗೆ ಹೊಲದಲ್ಲಿ ಇಲಿ, ಮೊಲ ಹಿಡಿಯುತ್ತಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಮೂರನೇ ಮಹಡಿಯ ಫ್ಲ್ಯಾಟಿನ ನಾಯಿಗೆ ಆ ಭಾಗ್ಯ ಎಲ್ಲಿ? ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲವೆಂದರೆ ಬೇಯಿಸಿದ ಮೊಟ್ಟೆಯನ್ನಾದರೂ ಕೊಡಿ, ಟಾರಿನ್ ಮಾಡಿಕೊಳ್ಳಲು ಬೇಕಾದ ಮಣಿಗಳು ಅದರಲ್ಲಿವೆ. ಅದೂ ಆಗದಿದ್ದರೆ ಪಶುವೈದ್ಯರನ್ನು ಕೇಳಿಯೇ ಊಟ ಗೊತ್ತುಮಾಡಿ. ಚುರುಕಾಗಿದ್ದ ನಾಯಿ ಮೆಟ್ಟಿಲಲ್ಲಿ ಏದುಸಿರು ಬಿಟ್ಟರೆ, ರಾತ್ರಿ ಕೆಮ್ಮಿದರೆ, ಇದ್ದಕ್ಕಿದ್ದಂತೆ ಕುಸಿದರೆ ತಡಮಾಡದೆ ಎದೆಯ ಸ್ಕ್ಯಾನ್ ಮಾಡಿಸಿ. ಕೋಳಿ ಬೇಯಿಸುವವರಿಗೆ ಇನ್ನೊಂದು ಮಾತು: ಟಾರಿನ್ ನೀರಿಗೆ ಇಳಿದುಬಿಡುತ್ತದೆ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿ, ಆ ನೀರನ್ನು ಚೆಲ್ಲದೆ ರೊಟ್ಟಿಯ ಮೇಲೆಯೇ ಸುರಿಯಿರಿ.