ಮನ್ಮಥ: ಕನ್ನಡ ನಾಡಿನ ಪ್ರೇಮದೇವತೆ

ಮನ್ಮಥ: ಪ್ರೇಮದ ಅಧಿದೇವತೆ, ರತಿಯ ಗಂಡ. ಕಾಮ, ಮದನ, ಅನಂಗ ಎಂಬವು ಇತರ ಹೆಸರುಗಳು. ಹಳಗನ್ನಡ ಕವಿಗಳಿಗೆ ಇವನು ಕರ್ಬುವಿಲ್ಲ, ಅಲರಂಬ. ಕಬ್ಬು ಇವನ ಬಿಲ್ಲು, ದುಂಬಿಗಳ ಸಾಲು ಹೆದೆ, ಐದು ಹೂಗಳು ಬಾಣ. ಬಾವುಟದಲ್ಲಿ ಮಕರ, ವಾಹನ ಗಿಳಿ. ಗ್ರೀಕರ ಪ್ರೇಮದೇವತೆ ಹೆಣ್ಣು: ಕಡಲ ನೊರೆಯಿಂದ ಹುಟ್ಟಿದ ಅಫ್ರೋಡೈಟಿ. ಅಲ್ಲಿ ಬಿಲ್ಲು ಹಿಡಿಯುವವನು ಅವಳ ಮಗ ಈರೋಸ್. ಸೈಪ್ರಸ್ಸಿನ ಪಾಫೋಸಿನಲ್ಲಿ ಅವಳ ಹೆಸರಾಂತ ಗುಡಿಯಿತ್ತು. ಮನ್ಮಥನಾದರೋ ಮೈ ಕಳೆದುಕೊಂಡ ದೇವರು. ಗರ್ಭಗುಡಿಗಿಂತ ಹೆಚ್ಚಾಗಿ ಬಾಗಿಲವಾಡ, ಕಂಬ, ಕಾವ್ಯ, ಹುಣ್ಣಿಮೆಯ ಬೆಂಕಿಗಳಲ್ಲಿ ಸಿಗುತ್ತಾನೆ.

ಪುರಾಣ ಮತ್ತು ಕಾವ್ಯ

ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಬೇಕಿತ್ತು. ತಪಸ್ಸಿನಲ್ಲಿದ್ದ ಶಿವನನ್ನು ಕದಲಿಸಲು ದೇವತೆಗಳು ಮನ್ಮಥನನ್ನು ಕಳಿಸಿದರು. ಹಣೆಗಣ್ಣು ತೆರೆಯಿತು, ಅವನು ಬೂದಿಯಾದ. ‘ಅನಂಗ’ ಎಂಬ ಹೆಸರು ಬಂದದ್ದು ಹೀಗೆ. ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿ ಈ ಕಾಮದಹನ ವಿಸ್ತಾರವಾಗಿ ಬಂದಿದೆ. 13ನೆಯ ಶತಮಾನದ ಜೈನಕವಿ ಆಂಡಯ್ಯ ಕಥೆಯನ್ನೇ ತಿರುಗಿಸಿದ. ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ಬರೆದ ಅವನ ‘ಕಬ್ಬಿಗರ ಕಾವ’ದಲ್ಲಿ ಗೆಲ್ಲುವವನು ಕಾವ, ಅಂದರೆ ಕಾಮ; ಅವನ ಬಾಣ ತಾಗಿ ಶಿವ ಅರ್ಧನಾರಿಯಾಗುತ್ತಾನೆ.

ಶಿಲ್ಪ

578ರಲ್ಲಿ ಮಂಗಳೇಶ ಮುಗಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಕಂಬಗಳ ತಲೆಗೆ ಆತುಕೊಂಡ ದಂಪತಿಶಿಲ್ಪಗಳಿವೆ. ರತಿ-ಮನ್ಮಥರೂ ಅವರ ನಡುವೆ ಇದ್ದಾರೆ. ಕಲ್ಯಾಣ ಚಾಳುಕ್ಯರ ಗುಡಿಗಳಲ್ಲಿ ಈ ಜೋಡಿ ಬಾಗಿಲವಾಡದ ಬುಡಕ್ಕೆ ಬಂದು ನಿಂತಿತು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಸೂರಿನಡಿ ಓರೆಯಾಗಿ ನಿಂತ ಚೆಲುವೆಯರಿಗೆ ಮದನನ ಹೆಸರೇ ಅಂಟಿದೆ: ಮದನಿಕೆಯರು. ಅವರಲ್ಲೊಬ್ಬಳು ಎಡಗೈಯಲ್ಲಿ ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಳ್ಳುತ್ತಾಳೆ.

ಜೈನರ ಕಾಮದೇವ

ಜೈನರಲ್ಲಿ ಕಾಮದೇವರು 24 ಮಂದಿ, ಮೊದಲನೆಯವನು ಬಾಹುಬಲಿ. ಚೆಲುವಿನಲ್ಲಿ ಸಾಟಿಯಿಲ್ಲದವನೇ ಎಲ್ಲವನ್ನೂ ಬಿಟ್ಟು ನಿಂತ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ ಕಡೆಯಿಸಿದ 58 ಅಡಿಯ ಮೂರ್ತಿ ಅವನದೇ. ಆ ಮೂರ್ತಿಗಿರುವ ‘ಗೊಮ್ಮಟ’ ಎಂಬ ಹೆಸರು ‘ಮನ್ಮಥ’ದ ತದ್ಭವ ಎಂದು ವಾದಿಸಿದವರು ಮಂಜೇಶ್ವರದ ಗೋವಿಂದ ಪೈ.

ಕಾಮನ ಹುಣ್ಣಿಮೆ

ಫಾಲ್ಗುಣದ ಹುಣ್ಣಿಮೆಗೆ ಕಾಮ ಮತ್ತೆ ಸುಡುತ್ತಾನೆ. ಉತ್ತರ ಕರ್ನಾಟಕದಲ್ಲಿ ಹುಡುಗರು ಹಲಗೆ ಬಡಿಯುತ್ತ ಮನೆಮನೆಯ ಕಟ್ಟಿಗೆ, ಕುಳ್ಳು ಕೂಡಿಸುತ್ತಾರೆ. ಆ ದಿನಗಳಲ್ಲಿ ಕಟ್ಟಿಗೆ ಕದಿಯುವುದೂ ಆಟವೇ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಮದುವೆ, ಸಂತಾನದ ಹರಕೆ ಹೊತ್ತವರು ದೂರದಿಂದ ಬರುತ್ತಾರೆ. ಬಾಗಲಕೋಟೆಯ ಬಣ್ಣದಾಟ ದಿನಗಟ್ಟಲೆ ನಡೆಯುತ್ತದೆ. ಬೆಂಗಳೂರಿನ ಯಲಹಂಕ, ಹೆಬ್ಬಾಳದ ಅಪಾರ್ಟ್‌ಮೆಂಟುಗಳ ಹೋಳಿಯಲ್ಲಿ ಬಣ್ಣದ್ದೇ ಮೇಲುಗೈ, ಕಾಮನ ಹೆಸರು ಹಿಂದೆ ಸರಿದಿದೆ. ಬಡಗಣ ಹಳ್ಳಿಗಳಲ್ಲಿ ಮಾತ್ರ, ಬಾಯಿ ಬಡಿದುಕೊಂಡು ಕಾಮನನ್ನು ಸುಟ್ಟವರೇ ಆ ಬೆಂಕಿಯಿಂದ ಒಂದಿಷ್ಟು ಕೆಂಡ ಮನೆಗೆ ಒಯ್ದು ಒಲೆ ಹೊತ್ತಿಸುವ ರೂಢಿಯುಂಟು.